ಪ್ರೊಪೆಲ್ಲರ್: ನೌಕೆಯ ಚಾಲನೆ, ದಿಕ್ಕು ಮತ್ತು ವೆಚ್ಚದ ಲೆಕ್ಕ

ನವಮಂಗಳೂರು ಬಂದರಿನ ಮೂಲಕ ಕಾಫಿ, ಗೇರು ತಿರುಳು ಮುಂತಾದ ಸರಕುಗಳನ್ನು ಹೊರದೇಶಗಳಿಗೆ ರವಾನಿಸುವ ನಮ್ಮ ವರ್ತಕ ಬಾಂಧವರಿಗೆ ಹಡಗು ಬಾಡಿಗೆಯ ಏರಿಳಿತವು ನಿತ್ಯದ ಚರ್ಚೆಯ ವಿಷಯ. ಬಿಲ್ಲಿನಲ್ಲಿ ಇಂಧನ ಸರ್‌ಚಾರ್ಜ್ ಎಂಬ ಸಾಲನ್ನು ಕಂಡು ನಿಟ್ಟುಸಿರು ಬಿಡದವರು ವಿರಳ. ಆದರೆ ಎಂಜಿನ್ನಿನಲ್ಲಿ ಉರಿದ ಎಣ್ಣೆಯು ಯಾವ ಘಟ್ಟದಲ್ಲಿ ಸರಕು ಸಾಗಣೆಯಾಗಿ ಮಾರ್ಪಡುತ್ತದೆ ಎಂದು ಕೇಳಿದರೆ ಉತ್ತರಿಸಬಲ್ಲವರು ಕಡಿಮೆ. ಆ ಮಾರ್ಪಾಡು ನಡೆಯುವುದು ಹಡಗಿನ ಹಿಂಬದಿಯಲ್ಲಿ, ನೀರಿನ ಒಳಗೆ, ಯಾರ ಕಣ್ಣಿಗೂ ಬೀಳದೆ ತಿರುಗುವ ಪ್ರೊಪೆಲ್ಲರ್ ಎಂಬ ಲೋಹದ ಸಾಧನದಲ್ಲಿ. ನಮ್ಮ ಕರಾವಳಿಯ ಮೀನುಗಾರರು ಇದನ್ನು ಸರಳವಾಗಿ ಫ್ಯಾನ್ ಎನ್ನುತ್ತಾರೆ.

ಲೆಕ್ಕಪರಿಶೋಧಕನಿಗೂ ಪ್ರೊಪೆಲ್ಲರಿಗೂ ಏನು ಸಂಬಂಧ ಎಂಬ ಪ್ರಶ್ನೆ ಓದುಗರಲ್ಲಿ ಮೂಡುವುದು ಸಹಜ. ನಾನು ಎಂಜಿನಿಯರನಲ್ಲ, ವಾಣಿಜ್ಯ ಪದವೀಧರ. ಈ ವಿಷಯವನ್ನು ನಾನಾಗಿ ಆಯ್ದುಕೊಂಡವನೂ ಅಲ್ಲ. ನನ್ನ ವೃತ್ತಿಯ ಆರಂಭದ ವರ್ಷಗಳಲ್ಲಿ ನಾನು ಬರೆದ ಒಂದು ಟಿಪ್ಪಣಿ ತಪ್ಪಾಯಿತು. ಆ ತಪ್ಪೇ ನನ್ನನ್ನು ಈ ವಿಷಯದ ಅಧ್ಯಯನಕ್ಕೆ ಹಚ್ಚಿತು.

ಒಂದು ಡೀಸೆಲ್ ಖಾತೆ

2004ರ ಮಾತು. ನನ್ನ ಕಕ್ಷಿದಾರರಲ್ಲೊಬ್ಬರು ಒಂದು ಟ್ರಾಲ್ ಬೋಟಿನ ಮಾಲೀಕರಾಗಿದ್ದರು. ಬೋಟು ಹತ್ತು ದಿನಗಳ ಮೀನುಗಾರಿಕೆಗೆ ಹೊರಟರೆ ಸುಮಾರು 2,400 ಲೀಟರ್ ಡೀಸೆಲ್ ವ್ಯಯವಾಗುತ್ತಿತ್ತು. ಆ ವರ್ಷದ ಮಳೆಗಾಲದ ನಿಷೇಧ ಮುಗಿದು ಬೋಟು ಮತ್ತೆ ಕಡಲಿಗಿಳಿದ ನಂತರ ಪ್ರತಿ ಟ್ರಿಪ್ಪಿಗೆ 2,750 ಲೀಟರಿನಷ್ಟು ಡೀಸೆಲ್ ಬೇಕಾಗತೊಡಗಿತು. ಮೀನಿನ ಪ್ರಮಾಣ ಹೆಚ್ಚಿರಲಿಲ್ಲ, ದಿನಗಳು ಹೆಚ್ಚಿರಲಿಲ್ಲ. ಡೀಸೆಲ್, ಐಸು, ರೇಶನ್ ಖರ್ಚು ಕಳೆದು ಉಳಿದ ಹಣದಲ್ಲೇ ತಾಂಡೇಲರಿಗೂ ಕಲಾಸಿಗಳಿಗೂ ಪಾಲು ಹಂಚುವ ಪದ್ಧತಿ ಅಲ್ಲಿದ್ದುದರಿಂದ ಎಲ್ಲರ ಪಾಲೂ ಕುಗ್ಗಿತು.

ಮಾಲೀಕರು ನನ್ನ ಕಚೇರಿಗೆ ಬಂದು, “ಸರ್, ಡೀಸೆಲ್ ಸಮುದ್ರದಲ್ಲೇ ಬೇರೆ ಬೋಟಿಗೆ ಮಾರಾಟವಾಗುತ್ತಿದೆಯೋ ಏನೋ, ಲೆಕ್ಕ ನೋಡಿ ಹೇಳಿ” ಎಂದರು. ನಾನು ಆರು ಟ್ರಿಪ್ಪುಗಳ ಬಿಲ್ಲುಗಳನ್ನು ಹಿಂದಿನ ವರ್ಷದ ಬಿಲ್ಲುಗಳೊಂದಿಗೆ ಹೋಲಿಸಿ, ಸುಮಾರು ಶೇ. 15ರ ಹೆಚ್ಚಳಕ್ಕೆ ಸಮಂಜಸವಾದ ಕಾರಣ ಕಂಡುಬರುವುದಿಲ್ಲವೆಂದೂ ದುರ್ಬಳಕೆಯ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂದೂ ಬರೆದುಕೊಟ್ಟೆ. ಕಾಗದದ ಮಟ್ಟಿಗೆ ಅದು ದೋಷವಿಲ್ಲದ ವಾಕ್ಯ. ಅದರ ಬಲದ ಮೇಲೆ ಹದಿನಾಲ್ಕು ವರ್ಷ ಆ ಮನೆತನದ ಬೋಟು ನಡೆಸಿದ ತಾಂಡೇಲರನ್ನು ಕೆಲಸದಿಂದ ಬಿಡಿಸಲಾಯಿತು. ಹೋಗುವ ಮುನ್ನ ಅವರು ನನ್ನಲ್ಲಿಗೂ ಬಂದಿದ್ದರು. ಫ್ಯಾನ್ ಬದಲಿಸಿದ ದಿನದಿಂದ ಬೋಟು ನಡುಗುತ್ತಿದೆ, ಹೊಗೆ ಕಪ್ಪಾಗಿದೆ, ಎಂಜಿನ್ ಏರುತ್ತಿಲ್ಲ ಎಂಬುದು ಅವರು ತುಳುವಿನಲ್ಲಿ ಹೇಳಿದ ಮಾತಿನ ಸಾರ. ನನಗೆ ಆಗ ಅದು ಅರ್ಥವಾಗಲಿಲ್ಲ. ಅರ್ಥವಾಗಲು ಪ್ರೊಪೆಲ್ಲರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಬೇಕಿತ್ತು.

ತಿರುಪು ಮತ್ತು ಜಾರಿಕೆ

ಮರಕ್ಕೆ ತಿರುಪುಮೊಳೆಯನ್ನು ಹಾಕುವಾಗ ಒಂದು ಸುತ್ತಿಗೆ ಅದು ನಿರ್ದಿಷ್ಟ ದೂರ ಒಳಕ್ಕೆ ಸರಿಯುತ್ತದೆ. ಪ್ರೊಪೆಲ್ಲರ್ ಕೂಡ ಮೂಲತಃ ನೀರನ್ನು ಕೊರೆಯುವ ತಿರುಪು. ಒಂದು ಸುತ್ತಿಗೆ ಅದು ಸೈದ್ಧಾಂತಿಕವಾಗಿ ಎಷ್ಟು ಮುಂದೆ ಸಾಗಬೇಕೋ ಆ ದೂರಕ್ಕೆ ಪಿಚ್ ಎಂದು ಹೆಸರು. ಬೋಟಿನವರು 36ಕ್ಕೆ 24 ಎಂದು ಹೇಳಿದರೆ ಪ್ರೊಪೆಲ್ಲರಿನ ವ್ಯಾಸ 36 ಇಂಚು, ಪಿಚ್ 24 ಇಂಚು ಎಂದರ್ಥ.

ಈ ತಿರುಪಿನ ಕಲ್ಪನೆ ಎಷ್ಟು ಅಕ್ಷರಶಃ ಇತ್ತೆಂದರೆ, ಇಂಗ್ಲೆಂಡಿನ ರೈತನಾಗಿದ್ದ ಫ್ರಾನ್ಸಿಸ್ ಪೆಟಿಟ್ ಸ್ಮಿತ್ 1836ರಲ್ಲಿ ಪೇಟೆಂಟ್ ಪಡೆದ ಸಾಧನವು ಎರಡು ಪೂರ್ಣ ಸುತ್ತುಗಳುಳ್ಳ ಮರದ ತಿರುಪೇ ಆಗಿತ್ತು. 1837ರಲ್ಲಿ ಲಂಡನ್ನಿನ ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಪ್ರಯೋಗ ನಡೆಯುತ್ತಿದ್ದಾಗ ಅದರ ಸುಮಾರು ಅರ್ಧಭಾಗ ಮುರಿದುಹೋಯಿತು. ದೋಣಿ ನಿಲ್ಲುವ ಬದಲು ಮೊದಲಿಗಿಂತ ವೇಗವಾಗಿ ಓಡಿತು! ಉದ್ದವಾದ ತಿರುಪಿಗಿಂತ ಚಿಕ್ಕ ಅಲಗುಗಳೇ ಮೇಲು ಎಂಬುದು ಹೀಗೆ ಅಪಘಾತದಿಂದ ತಿಳಿದುಬಂದಿತು. ಸ್ವೀಡನ್ನಿನ ಜಾನ್ ಎರಿಕ್ಸನ್ ಅದೇ 1836ರಲ್ಲಿ ತನ್ನದೇ ವಿನ್ಯಾಸಕ್ಕೆ ಪೇಟೆಂಟ್ ಪಡೆದಿದ್ದ. 1845ರಲ್ಲಿ ಬ್ರಿಟಿಷ್ ನೌಕಾಪಡೆಯು ಪ್ರೊಪೆಲ್ಲರ್ ಹೊಂದಿದ ರಾಟ್ಲರ್ ಹಡಗನ್ನೂ ಪಕ್ಕದಲ್ಲಿ ಗಾಲಿಗಳಿದ್ದ ಅಲೆಕ್ಟೋ ಹಡಗನ್ನೂ ಬೆನ್ನಿಗೆ ಬೆನ್ನು ಕಟ್ಟಿ ಹಗ್ಗಜಗ್ಗಾಟ ನಡೆಸಿತು. ರಾಟ್ಲರ್ ತನ್ನ ಎದುರಾಳಿಯನ್ನು ಎರಡು ನಾಟ್‌ಗೂ ಮಿಕ್ಕ ವೇಗದಲ್ಲಿ ಹಿಂದಕ್ಕೆ ಎಳೆದೊಯ್ದಿತು. ರಾಟ್ಲರಿನ ಎಂಜಿನ್ ಹೆಚ್ಚು ಶಕ್ತಿ ನೀಡುತ್ತಿದ್ದುದರಿಂದ ಇದನ್ನು ಸಮಾನ ಸ್ಪರ್ಧೆಯೆಂದು ಪ್ರಮಾಣೀಕರಿಸಲು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ. ಆದರೆ ಪ್ರದರ್ಶನವಾಗಿ ಅದು ಫಲಿಸಿತು.

ಮರ ಗಟ್ಟಿ, ನೀರು ಸಡಿಲ. ಆದ್ದರಿಂದ ನೀರಿನಲ್ಲಿ ತಿರುಪು ಜಾರುತ್ತದೆ. ಸಾಗಬೇಕಾದ ದೂರಕ್ಕೂ ವಾಸ್ತವವಾಗಿ ಸಾಗಿದ ದೂರಕ್ಕೂ ಇರುವ ಅಂತರವನ್ನು ಸ್ಲಿಪ್ ಎನ್ನುತ್ತಾರೆ. ದೊಡ್ಡ ಹಡಗುಗಳಲ್ಲಿ ಪ್ರತಿದಿನ ಮಧ್ಯಾಹ್ನದ ವರದಿಯಲ್ಲಿ ಈ ಅಂಕಿಯನ್ನು ದಾಖಲಿಸುವ ಪರಿಪಾಠವಿದೆ. ಉದಾಹರಣೆಗೆ 6 ಮೀಟರ್ ಪಿಚ್‌ನ ಪ್ರೊಪೆಲ್ಲರ್ ನಿಮಿಷಕ್ಕೆ 80 ಸುತ್ತು ತಿರುಗಿದರೆ ಗಂಟೆಗೆ 28,800 ಮೀಟರ್, ಅಂದರೆ 15.55 ನಾಟ್ ಸಾಗಬೇಕು. ಹಡಗು ಸಾಗಿದ್ದು 14 ನಾಟ್ ಆದರೆ ಸ್ಲಿಪ್ ಸುಮಾರು ಶೇ. 10. ಕಾಸ್ಟಿಂಗ್ ಓದಿದವರಿಗೆ ಇದು ಹೊಸದೇನಲ್ಲ. ಪ್ರಮಾಣಿತ ವೆಚ್ಚ ಮತ್ತು ವಾಸ್ತವ ವೆಚ್ಚಗಳ ವ್ಯತ್ಯಾಸ ಪಟ್ಟಿಯೇ ಇದು. ಒಂದು ದಿನದ ಅಂಕಿಗೆ ಹೆಚ್ಚಿನ ಅರ್ಥವಿಲ್ಲ. ಎದುರುಗಾಳಿಯಿದ್ದರೂ ಎದುರು ಪ್ರವಾಹವಿದ್ದರೂ ಸ್ಲಿಪ್ ಏರುತ್ತದೆ. ತಿಂಗಳಿಂದ ತಿಂಗಳಿಗೆ ಒಂದೇ ದಿಕ್ಕಿನಲ್ಲಿ ಏರುತ್ತಿದ್ದರೆ ಮಾತ್ರ ಹಡಗಿನ ತಳಕ್ಕೆ ಪಾಚಿ, ಚಿಪ್ಪು ಕಟ್ಟಿದೆ ಅಥವಾ ಪ್ರೊಪೆಲ್ಲರಿಗೆ ಏನೋ ಆಗಿದೆ ಎಂದು ತಿಳಿಯಬೇಕು.

ಹಾಗೆಂದು ಸ್ಲಿಪ್ ಸಂಪೂರ್ಣ ನಷ್ಟವೆಂದು ಭಾವಿಸಬಾರದು. ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ತಳ್ಳುವುದರಿಂದಲೇ ಹಡಗು ಮುಂದಕ್ಕೆ ಹೋಗುತ್ತದೆ; ನೀರು ಹಿಂದಕ್ಕೆ ಸರಿಯದಿದ್ದರೆ ತಳ್ಳುಬಲವೂ ಇಲ್ಲ. ಪ್ರತಿಯೊಂದು ಅಲಗೂ ವಿಮಾನದ ರೆಕ್ಕೆಯಂತೆ ವರ್ತಿಸುತ್ತದೆ. ಅದರ ಮುಂಬದಿಯಲ್ಲಿ ನೀರಿನ ಒತ್ತಡ ಕುಗ್ಗುತ್ತದೆ, ಹಿಂಬದಿಯಲ್ಲಿ ಏರುತ್ತದೆ, ಈ ಅಂತರವೇ ಶಾಫ್ಟಿನ ಮೂಲಕ ಹಡಗನ್ನು ನೂಕುತ್ತದೆ. ಟ್ರಾಲ್ ಬೋಟಿನ ಕಷ್ಟವಿರುವುದು ಇಲ್ಲಿಯೇ. ಎಂಜಿನ್ 1,800 ಸುತ್ತು, ಗೇರ್‌ಬಾಕ್ಸ್ ಮೂರಕ್ಕೆ ಒಂದು ಎಂದಾದರೆ ಪ್ರೊಪೆಲ್ಲರ್ 600 ಸುತ್ತು ತಿರುಗುತ್ತದೆ. 24 ಇಂಚಿನ ಪಿಚ್‌ಗೆ ಅದು ಗಂಟೆಗೆ ಸುಮಾರು 12 ನಾಟ್‌ನ ಲೆಕ್ಕ. ಬಲೆ ಎಳೆಯುವಾಗ ಬೋಟು ಸಾಗುವುದು 3 ನಾಟ್, ಸ್ಲಿಪ್ ಶೇ. 75. ಬಲೆ ಎತ್ತಿ ಬಂದರಿಗೆ ಮರಳುವಾಗ ಅದೇ ಪ್ರೊಪೆಲ್ಲರ್ ಎರಡು ಪಟ್ಟಿಗೂ ಅಧಿಕ ವೇಗದಲ್ಲಿ ದುಡಿಯಬೇಕು. ಎರಡೂ ಕೆಲಸಕ್ಕೆ ಒಪ್ಪುವ ಪಿಚ್ ಎಂಬುದು ರಾಜಿ ಸೂತ್ರವೇ ಹೊರತು ಪರಿಪೂರ್ಣ ಉತ್ತರವಲ್ಲ. ರಾಜಿಯ ಅಂಚು ಕಿರಿದಾದಷ್ಟೂ ತಪ್ಪಿನ ದಂಡ ಹಿರಿದು.

ನಾಲ್ಕು ಮಿಲಿಮೀಟರಿನ ತಪ್ಪು

ಹೊಸ ತಾಂಡೇಲರು ಬಂದ ಮೇಲೂ ಆ ಬೋಟಿನ ಡೀಸೆಲ್ 2,700 ಲೀಟರಿಗಿಂತ ಕೆಳಗಿಳಿಯಲಿಲ್ಲ. ನನಗೆ ಮೊದಲು ಕಸಿವಿಸಿಯಾದದ್ದು ಆಗ. ಬೋಟನ್ನು ದಡಕ್ಕೆಳೆದು ಬೇರೊಂದು ಕೆಲಸ ಮಾಡಿಸುತ್ತಿದ್ದಾಗ ಮಾಲೀಕರನ್ನು ಒತ್ತಾಯಿಸಿ ಪ್ರೊಪೆಲ್ಲರನ್ನು ಬಿಚ್ಚಿಸಿದೆ. ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಅದನ್ನು ಅಳೆದರು. ಆ ವಿಧಾನ ಅತ್ಯಂತ ಸರಳವಾಗಿದ್ದು, ನಮ್ಮ ಸಣ್ಣ ಉದ್ಯಮಿಗಳು ತಿಳಿದಿರಬೇಕಾದದ್ದು.

ಪ್ರೊಪೆಲ್ಲರನ್ನು ಸಮತಟ್ಟಾದ ನೆಲದ ಮೇಲೆ ಮಲಗಿಸಬೇಕು. ನಡುಬಿಂದುವಿನಿಂದ ಅಲಗಿನ ತುದಿಯವರೆಗಿನ ದೂರದ ಹತ್ತರಲ್ಲಿ ಏಳು ಪಾಲಿನ ಜಾಗದಲ್ಲಿ ಒಂದು ವೃತ್ತವನ್ನು ಗುರುತಿಸಬೇಕು. ಆ ವೃತ್ತದ ಮೇಲೆ, ಒಂದೇ ಅಲಗಿನಲ್ಲಿ, 30 ಡಿಗ್ರಿ ಅಂತರದ ಎರಡು ಬಿಂದುಗಳ ಎತ್ತರವನ್ನು ನೆಲದಿಂದ ಅಳೆಯಬೇಕು. ಪೂರ್ಣ ಸುತ್ತಿನಲ್ಲಿ ಇಂತಹ ಹನ್ನೆರಡು ಭಾಗಗಳಿರುವುದರಿಂದ ಎತ್ತರಗಳ ವ್ಯತ್ಯಾಸವನ್ನು 12ರಿಂದ ಗುಣಿಸಿದರೆ ಪಿಚ್ ದೊರೆಯುತ್ತದೆ. ವ್ಯತ್ಯಾಸ 2 ಇಂಚು ಇದ್ದರೆ ಪಿಚ್ 24 ಇಂಚು.

ನಮ್ಮ ಪ್ರೊಪೆಲ್ಲರಿನ ಹಬ್ಬಿನ ಮೇಲೆ 36ಕ್ಕೆ 24 ಎಂದೇ ಅಚ್ಚಾಗಿತ್ತು. ಒಂದು ಅಲಗು 24 ಇಂಚಿಗೆ ಸರಿಯಿತ್ತು. ಇನ್ನೆರಡು 26ರ ಆಸುಪಾಸು ಬಂದವು. ಎತ್ತರದಲ್ಲಿ ಇದ್ದ ದೋಷ ಒಂದು ಇಂಚಿನ ಆರನೇ ಒಂದು ಪಾಲು, ಸುಮಾರು ನಾಲ್ಕು ಮಿಲಿಮೀಟರ್. ಹನ್ನೆರಡರಿಂದ ಗುಣಿಸಿದಾಗ ಅದೇ ಎರಡು ಇಂಚಾಯಿತು, ಅಂದರೆ ಪಿಚ್‌ನಲ್ಲಿ ಶೇ. 8. ಪಿಚ್ ಹೆಚ್ಚಾದ ಅಲಗುಗಳು ಎಂಜಿನ್ನಿನ ಮೇಲೆ ಹೊರೆ ಹೇರುತ್ತವೆ. ಎಂಜಿನ್ ತನ್ನ ನಿಗದಿತ ಸುತ್ತನ್ನು ತಲುಪಲಾರದೆ ಅರೆಬೆಂದ ಎಣ್ಣೆಯನ್ನು ಕಪ್ಪು ಹೊಗೆಯಾಗಿ ಉಗುಳುತ್ತದೆ. ಅಲಗು ಅಲಗಿಗೂ ಬಲ ಬೇರೆಯಾದ್ದರಿಂದ ಶಾಫ್ಟ್ ನಡುಗುತ್ತದೆ, ಬೇರಿಂಗ್ ಸವೆಯುತ್ತದೆ. ತಾಂಡೇಲರು ಹೇಳಿದ್ದ ನಡುಕ, ಹೊಗೆ, ಏರದ ಎಂಜಿನ್ ಮೂರೂ ನೆಲದ ಮೇಲೆ ಮಲಗಿದ್ದ ಆ ಲೋಹದ ತುಂಡಿನಲ್ಲಿ ಒಟ್ಟಿಗೆ ಕಂಡವು. ಪ್ರೊಪೆಲ್ಲರನ್ನು ಎರಕ ಹೊಯ್ದ ಸಂಸ್ಥೆಯ ಹೆಸರು ಇಲ್ಲಿ ಅಪ್ರಸ್ತುತ. ಅವರು ಹಳೆಯ ಸವೆದ ಪ್ರೊಪೆಲ್ಲರನ್ನೇ ಮಾದರಿಯಾಗಿಟ್ಟು ಅಚ್ಚು ತೆಗೆದಿದ್ದರೆಂದು ಅನಂತರ ತಿಳಿಯಿತು.

ನಾನು ನನ್ನ ಟಿಪ್ಪಣಿಯನ್ನು ಲಿಖಿತವಾಗಿ ಹಿಂತೆಗೆದುಕೊಂಡೆ. ಅದರ ಪ್ರತಿಯನ್ನು ಹಿಡಿದು ತಾಂಡೇಲರ ಮನೆಗೂ ಹೋದೆ. ಅವರು ಆ ವೇಳೆಗೆ ಮಲ್ಪೆಯ ಬೋಟೊಂದಕ್ಕೆ ಸೇರಿ ಸಮುದ್ರದಲ್ಲಿದ್ದರು. ಅವರ ಪತ್ನಿ ಕಾಗದವನ್ನು ತೆಗೆದುಕೊಂಡು ಒಳಗಿಟ್ಟರು, ಏನೂ ಹೇಳಲಿಲ್ಲ. ಅವರು ಹಳೆಯ ಬೋಟಿಗೆ ಮತ್ತೆ ಬರಲಿಲ್ಲ.

ತಯಾರಕರ ಗಮನಕ್ಕೆ ಒಂದೆರಡು ವಿಷಯಗಳು. ಪ್ರೊಪೆಲ್ಲರ್ ತಯಾರಿಕೆಯ ನಿಖರತೆಗೆ ಐಎಸ್ಒ 484 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರ ಎರಡನೆಯ ಭಾಗವು 0.80 ಮೀಟರಿನಿಂದ 2.50 ಮೀಟರ್ ವ್ಯಾಸದವುಗಳಿಗೆ ಸಂಬಂಧಿಸಿದ್ದು, ನಮ್ಮ ಟ್ರಾಲ್ ಬೋಟುಗಳ ಪ್ರೊಪೆಲ್ಲರುಗಳಲ್ಲಿ ಅನೇಕವು ಇದರ ವ್ಯಾಪ್ತಿಗೆ ಬರುತ್ತವೆ. ಎಸ್, 1, 2 ಮತ್ತು 3 ಎಂದು ನಾಲ್ಕು ದರ್ಜೆಗಳು. ಅತ್ಯಂತ ಸಡಿಲವಾದ ಮೂರನೆಯ ದರ್ಜೆಯಲ್ಲೂ ಪ್ರೊಪೆಲ್ಲರಿನ ಸರಾಸರಿ ಪಿಚ್ ಶೇ. 3ಕ್ಕಿಂತ ಹೆಚ್ಚು ಆಚೀಚೆ ಹೋಗುವಂತಿಲ್ಲ. ಲೋಹದ ವಿಷಯದಲ್ಲಿ, ಮಾರುಕಟ್ಟೆಯಲ್ಲಿ ಮ್ಯಾಂಗನೀಸ್ ಕಂಚು ಎಂದು ಮಾರಾಟವಾಗುವುದು ವಾಸ್ತವವಾಗಿ ತಾಮ್ರ ಮತ್ತು ಸತುವಿನ ಮಿಶ್ರಣ, ಅಂದರೆ ಗಟ್ಟಿಗೊಳಿಸಿದ ಹಿತ್ತಾಳೆ. ಉಪ್ಪುನೀರಿನಲ್ಲಿ ಅದರೊಳಗಿನ ಸತು ಕ್ರಮೇಣ ಕರಗಿ ಹೋಗಿ ಲೋಹ ಕೆಂಪಾಗಿ, ಟೊಳ್ಳಾಗಿ ಉಳಿಯುವ ಅಪಾಯವಿದೆ. ದೊಡ್ಡ ಹಡಗುಗಳಲ್ಲಿ ಈಗ ಬಹುತೇಕ ನಿಕಲ್ ಮತ್ತು ಅಲ್ಯುಮಿನಿಯಂ ಬೆರೆಸಿದ ಕಂಚನ್ನು ಬಳಸುತ್ತಾರೆ. ಅದರಲ್ಲಿ ತಾಮ್ರ ಸುಮಾರು ಶೇ. 80ರಷ್ಟಿದ್ದು ಬೆಲೆ ಹೆಚ್ಚು, ಎರಕ ಹೊಯ್ಯುವುದೂ ಕಷ್ಟ. ಬಾಳಿಕೆ ಮಾತ್ರ ಬೇರೆಯೇ ಮಟ್ಟದ್ದು.

ವೇಗದ ಬೆಲೆ

ದೊಡ್ಡ ಹಡಗಿನ ಎಂಜಿನ್ ತಾನು ಉರಿಸುವ ನೂರು ರೂಪಾಯಿ ಇಂಧನದಲ್ಲಿ ಸುಮಾರು ಐವತ್ತು ರೂಪಾಯಿಯಷ್ಟನ್ನು ಶಾಫ್ಟಿಗೆ ತಲುಪಿಸುತ್ತದೆ. ಉಳಿದದ್ದು ಶಾಖವಾಗಿ ಹೋಗುತ್ತದೆ. ಆ ಐವತ್ತರಲ್ಲಿ ಉತ್ತಮ ಪ್ರೊಪೆಲ್ಲರ್ ಹಡಗನ್ನು ತಳ್ಳಲು ಬಳಸುವುದು ಸ್ಥೂಲವಾಗಿ ಮೂವತ್ತರಿಂದ ಮೂವತ್ತೈದು. ಈ ಅನುಪಾತವನ್ನು ಸುಧಾರಿಸಲು ಇರುವ ಮುಖ್ಯ ಮಾರ್ಗವೆಂದರೆ ಸ್ವಲ್ಪ ನೀರನ್ನು ರಭಸದಿಂದ ಎಸೆಯುವ ಬದಲು ಬಹಳ ನೀರನ್ನು ನಿಧಾನವಾಗಿ ತಳ್ಳುವುದು. ಆದ್ದರಿಂದಲೇ ಸರಕು ಹಡಗುಗಳ ಪ್ರೊಪೆಲ್ಲರುಗಳು ದೈತ್ಯಾಕಾರದಲ್ಲಿದ್ದು ನಿಮಿಷಕ್ಕೆ ನೂರು ಸುತ್ತಿನ ಆಸುಪಾಸಿನಲ್ಲೇ ತಿರುಗುತ್ತವೆ. 2006ರಲ್ಲಿ ಸೇವೆಗೆ ಬಂದ ಎಮ್ಮಾ ಮೇರ್ಸ್ಕ್ ಕಂಟೇನರ್ ಹಡಗಿನ ಪ್ರೊಪೆಲ್ಲರ್ 9.6 ಮೀಟರ್ ವ್ಯಾಸ, 131 ಟನ್ ತೂಕದ್ದು.

ವಿಪರೀತ ವೇಗದಲ್ಲಿ ತಿರುಗಿಸಿದರೆ ಆಗುವುದೇನು ಎಂಬುದನ್ನು ಚಾರ್ಲ್ಸ್ ಪಾರ್ಸನ್ಸ್ ತನ್ನ ಟರ್ಬೀನಿಯಾ ದೋಣಿಯಲ್ಲಿ ಕಂಡುಕೊಂಡ. 1894ರ ಪ್ರಯೋಗಗಳಲ್ಲಿ ಹೊಸ ಆವಿ ಟರ್ಬೈನಿಗೆ ಬೇಕಾದಷ್ಟು ಶಕ್ತಿಯಿದ್ದರೂ ದೋಣಿ ನಿರೀಕ್ಷಿತ ವೇಗವನ್ನು ಮುಟ್ಟಲಿಲ್ಲ. ಅಲಗಿನ ಮುಂಬದಿಯಲ್ಲಿ ಒತ್ತಡ ಎಷ್ಟು ಕುಗ್ಗಿತೆಂದರೆ ಅಲ್ಲಿ ತಣ್ಣೀರೇ ಕುದಿದು ಆವಿಯ ಗುಳ್ಳೆಗಳಾಗುತ್ತಿತ್ತು. ಗುಳ್ಳೆಗಳ ನಡುವೆ ತಿರುಗುವ ಅಲಗಿಗೆ ಹಿಡಿತ ಸಿಗದು. ಕ್ಯಾವಿಟೇಶನ್ ಎಂದು ಹೆಸರಾದ ಈ ಪಿಡುಗು ವೇಗವನ್ನು ಮಾತ್ರವಲ್ಲ, ಲೋಹವನ್ನೂ ತಿನ್ನುತ್ತದೆ: ಗುಳ್ಳೆಗಳು ಒಡೆಯುವಾಗ ಸುತ್ತಿಗೆಯಂತೆ ಬಡಿದು ಅಲಗಿನ ಮೇಲೆ ಜೇನುಗೂಡಿನಂತಹ ತೂತುಗಳನ್ನು ಕೊರೆಯುತ್ತವೆ. ಪಾರ್ಸನ್ಸ್ ಒಂದು ಶಾಫ್ಟಿನ ಬದಲು ಮೂರು ಶಾಫ್ಟುಗಳನ್ನೂ ಪ್ರತಿಯೊಂದಕ್ಕೆ ಮೂರರಂತೆ ಒಂಬತ್ತು ಪ್ರೊಪೆಲ್ಲರುಗಳನ್ನೂ ಅಳವಡಿಸಿ ಹೊರೆಯನ್ನು ಹಂಚಿದ. 1897ರಲ್ಲಿ ಸ್ಪಿಟ್‌ಹೆಡ್‌ನ ನೌಕಾ ಪರಿವೀಕ್ಷಣೆಯಲ್ಲಿ ಟರ್ಬೀನಿಯಾ ಎಲ್ಲ ಹಡಗುಗಳನ್ನೂ ಮೀರಿ ಓಡಿತು.

ವರ್ತಕರಿಗೆ ನೇರವಾಗಿ ತಟ್ಟುವ ನಿಯಮ ಇನ್ನೊಂದು. ಪ್ರೊಪೆಲ್ಲರಿಗೆ ಬೇಕಾದ ಶಕ್ತಿ ಸ್ಥೂಲವಾಗಿ ವೇಗದ ಘನದಷ್ಟು ಏರುತ್ತದೆ. 20 ನಾಟ್ ವೇಗದಲ್ಲಿ ದಿನಕ್ಕೆ 100 ಟನ್ ಎಣ್ಣೆ ಉರಿಸುವ ಹಡಗು 10 ದಿನಗಳ ಯಾನಕ್ಕೆ 1,000 ಟನ್ ಬಳಸುತ್ತದೆ ಎಂದುಕೊಳ್ಳೋಣ. ವೇಗವನ್ನು 18 ನಾಟ್‌ಗೆ ಇಳಿಸಿದರೆ ದಿನದ ಬಳಕೆ ಸುಮಾರು 73 ಟನ್. ಯಾನದ ಅವಧಿ 11 ದಿನಕ್ಕೆ ಸ್ವಲ್ಪ ಮೇಲೆ. ಒಟ್ಟು 810 ಟನ್. ಒಂದು ದಿನ ತಡ ಮಾಡಿ 190 ಟನ್ ಉಳಿಸಬಹುದು. 2008ರ ಆರ್ಥಿಕ ಹಿಂಜರಿತದ ನಂತರ ಹಡಗು ಕಂಪೆನಿಗಳು ನಿಧಾನ ಯಾನವನ್ನು ಅಪ್ಪಿಕೊಂಡದ್ದು ಇದಕ್ಕಾಗಿಯೇ. ಈ ಉಳಿತಾಯ ಅವರ ಪುಸ್ತಕದಲ್ಲಿ ಜಮೆಯಾಗುತ್ತದೆ. ಒಂದು ಕೋಟಿ ರೂಪಾಯಿ ಸರಕು ಹಡಗಿನಲ್ಲಿ ಒಂದು ದಿನ ಹೆಚ್ಚು ಕಳೆದರೆ ಶೇ. 12ರ ಬಡ್ಡಿಯಂತೆ 3,288 ರೂಪಾಯಿ ನಮ್ಮ ಪುಸ್ತಕದಲ್ಲಿ ಖರ್ಚಾಗುತ್ತದೆ. ಬಾಡಿಗೆಯ ಮಾತುಕತೆಗೆ ಕುಳಿತಾಗ ಈ ಅಂಕಿಯನ್ನು ಜೇಬಿನಲ್ಲಿಟ್ಟುಕೊಂಡಿರುವುದು ಒಳ್ಳೆಯದು.

ಚುಕ್ಕಾಣಿಗೆ ಬಲ ಎಲ್ಲಿಂದ?

ಪ್ರೊಪೆಲ್ಲರ್ ತಳ್ಳುತ್ತದೆ, ಚುಕ್ಕಾಣಿ ತಿರುಗಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಇದು ಅರ್ಧ ಸತ್ಯ. ಚುಕ್ಕಾಣಿಯನ್ನು ಪ್ರೊಪೆಲ್ಲರಿನ ಬೆನ್ನಿಗೇ ಜೋಡಿಸಿರುವುದು ಸ್ಥಳದ ಅನುಕೂಲಕ್ಕಾಗಿ ಅಲ್ಲ. ಚುಕ್ಕಾಣಿಯ ಬಲ ಅದರ ಮೇಲೆ ಹರಿಯುವ ನೀರಿನ ವೇಗದ ವರ್ಗದಷ್ಟು ಬದಲಾಗುತ್ತದೆ. ನೀರಿನ ವೇಗ ಅರ್ಧವಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಪ್ರೊಪೆಲ್ಲರ್ ಎಸೆಯುವ ರಭಸದ ನೀರು ಚುಕ್ಕಾಣಿಯ ಮೇಲೆ ಬೀಳುವುದರಿಂದಲೇ ನಿಧಾನವಾಗಿ ಚಲಿಸುವ ಹಡಗೂ ಮಾತು ಕೇಳುತ್ತದೆ. ಇಕ್ಕಟ್ಟಿನ ಜಾಗದಲ್ಲಿ ಕಪ್ತಾನರು ಚುಕ್ಕಾಣಿಯನ್ನು ಪೂರ್ಣ ತಿರುಗಿಸಿ ಎಂಜಿನ್ನಿಗೆ ಕೆಲವೇ ಕ್ಷಣ ಜೋರು ಕೊಡುತ್ತಾರೆ. ಹಡಗು ವೇಗ ಪಡೆಯುವ ಮೊದಲೇ ಅದರ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ.

ಹಿಮ್ಮುಖ ಚಲನೆಯ ಕಥೆ ಬೇರೆ. ಪ್ರೊಪೆಲ್ಲರ್ ಉಲ್ಟಾ ತಿರುಗಿದಾಗ ನೀರು ಚುಕ್ಕಾಣಿಯ ಮೇಲೆ ರಭಸದಿಂದ ಬೀಳುವುದಿಲ್ಲ. ಚುಕ್ಕಾಣಿ ಬಹುಮಟ್ಟಿಗೆ ನಿಷ್ಕ್ರಿಯ. ಅದೇ ಹೊತ್ತಿನಲ್ಲಿ ಪ್ರೊಪೆಲ್ಲರ್ ಗಾಲಿಯಂತೆ ಹಿಂಭಾಗವನ್ನು ಪಕ್ಕಕ್ಕೆ ಎಳೆಯುತ್ತದೆ. ಬಹುತೇಕ ಸರಕು ಹಡಗುಗಳಲ್ಲಿ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಬಲಕ್ಕೆ ತಿರುಗುವಂಥದ್ದು. ಉಲ್ಟಾ ತಿರುಗಿಸಿದಾಗ ಹಿಂಭಾಗ ಎಡಕ್ಕೆ ಹೋಗುತ್ತದೆ, ಮೂತಿ ಬಲಕ್ಕೆ. ಅನುಭವಿ ಪೈಲಟ್ ಇದನ್ನು ದೋಷವೆಂದು ನೋಡದೆ, ಹಡಗಿನ ಎಡಬದಿಯನ್ನು ಧಕ್ಕೆಗೆ ಓರೆಯಾಗಿ ತಂದು ಹಿಮ್ಮುಖ ಕೊಟ್ಟು, ಹಿಂಭಾಗ ತಾನಾಗಿ ಧಕ್ಕೆಗೆ ಬಂದು ಒರಗುವಂತೆ ಮಾಡುತ್ತಾರೆ.

ಪ್ರೊಪೆಲ್ಲರ್ ನಿಂತರೆ ಚುಕ್ಕಾಣಿಯ ಗತಿಯೇನು ಎಂಬುದಕ್ಕೆ 2024ರ ಮಾರ್ಚ್ 26ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆದ ಘಟನೆ ಸಾಕ್ಷಿ. ಸುಮಾರು 300 ಮೀಟರ್ ಉದ್ದದ ಡಾಲಿ ಎಂಬ ಕಂಟೇನರ್ ಹಡಗು ಕೊಲಂಬೋ ಕಡೆಗೆ ಹೊರಟಿತ್ತು. ಸಿಬ್ಬಂದಿಯಲ್ಲಿ ಒಬ್ಬರನ್ನು ಬಿಟ್ಟರೆ ಎಲ್ಲರೂ ಭಾರತೀಯರು. ಹಡಗಿಗೆ ಇದ್ದದ್ದು ಒಂದೇ ಎಂಜಿನ್, ಒಂದೇ ಪ್ರೊಪೆಲ್ಲರ್. ರಾತ್ರಿ 1.25ಕ್ಕೆ ವಿದ್ಯುತ್ ಕಡಿತವಾಯಿತು. ಎಂಜಿನ್ನನ್ನು ತಂಪಾಗಿಡುವ ಪಂಪುಗಳು ವಿದ್ಯುತ್ತಿನಿಂದ ನಡೆಯುವುದರಿಂದ ಅವು ನಿಂತವು, ತನ್ನ ರಕ್ಷಣೆಗಾಗಿ ಎಂಜಿನ್ ತಾನಾಗಿ ನಿಂತಿತು, ಪ್ರೊಪೆಲ್ಲರ್ ನಿಂತಿತು. ಪೈಲಟ್ ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಲು ಆಜ್ಞಾಪಿಸಿದರು, ಲಂಗರು ಇಳಿಸಲು ಹೇಳಿದರು, ಸೇತುವೆಯ ಸಂಚಾರ ತಡೆಯುವಂತೆ ಸಂದೇಶ ಹೋಯಿತು. ಆದರೆ ಪ್ರೊಪೆಲ್ಲರಿನ ನೀರು ಬೀಳದ ಚುಕ್ಕಾಣಿಗೆ ಒಂದು ಲಕ್ಷ ಟನ್ನಿಗೂ ಮಿಕ್ಕ ಭಾರವನ್ನು ಹೊರಳಿಸುವ ಬಲವಿರಲಿಲ್ಲ. ಮೂತಿಯ ಬಳಿ ಅಡ್ಡಲಾಗಿ ಅಳವಡಿಸಿದ ಚಿಕ್ಕ ಪ್ರೊಪೆಲ್ಲರಿಗೂ ವಿದ್ಯುತ್ ಇರಲಿಲ್ಲ. ಇದ್ದಿದ್ದರೂ ಆ ವೇಗದಲ್ಲಿ ಅದರ ಪ್ರಭಾವ ಅತ್ಯಲ್ಪ. ನಾಲ್ಕು ನಿಮಿಷಗಳಲ್ಲಿ ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಬಡಿಯಿತು. ಸೇತುವೆಯ ಮೇಲೆ ರಸ್ತೆ ದುರಸ್ತಿ ಮಾಡುತ್ತಿದ್ದ ಆರು ಕಾರ್ಮಿಕರು ಮಡಿದರು. ವಿದ್ಯುತ್ ಕಡಿತದ ಮೂಲ ಕಾರಣ ಒಂದು ತಂತಿಯ ಸಡಿಲ ಜೋಡಣೆಯೆಂದೂ, ಅದಕ್ಕೆ ಸುತ್ತಿದ್ದ ಹೆಸರಿನ ಪಟ್ಟಿ ಅಡ್ಡಬಂದು ತಂತಿ ಪೂರ್ಣ ಒಳಗೆ ಕೂರಲಿಲ್ಲವೆಂದೂ ಅಮೆರಿಕದ ಸಾರಿಗೆ ಸುರಕ್ಷಾ ಮಂಡಳಿ 2025ರ ನವೆಂಬರಿನಲ್ಲಿ ತಿಳಿಸಿತು.

ಈ ಘಟನೆಯಲ್ಲಿ ಸರಕಿನ ಒಡೆಯರಿಗೆ ಸಂಬಂಧಿಸಿದ ಒಂದು ಅಂಶವಿದೆ. 2024ರ ಏಪ್ರಿಲ್‌ನಲ್ಲಿ ಹಡಗಿನ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಹಡಗು ಮತ್ತು ಸರಕು ಎರಡನ್ನೂ ಸಾಮಾನ್ಯ ಅಪಾಯದಿಂದ ಪಾರುಮಾಡಲು ಬೇಕೆಂದೇ ಮಾಡಿದ ತ್ಯಾಗ ಅಥವಾ ವೆಚ್ಚವನ್ನು ಉಳಿದುಕೊಂಡ ಆಸ್ತಿಯ ಒಡೆಯರೆಲ್ಲರೂ ಮೌಲ್ಯಾನುಸಾರ ಹಂಚಿಕೊಳ್ಳಬೇಕೆಂಬ ಪುರಾತನ ಕಡಲ ನಿಯಮವಿದು. ಸೇತುವೆಯ ನಷ್ಟ ಇದರಲ್ಲಿ ಸೇರದು. ಹಡಗನ್ನು ಬಿಡಿಸಿ ತರುವಂತಹ ವೆಚ್ಚ ಸೇರುತ್ತದೆ. ಉಳಿದ ಹಡಗಿನ ಮೌಲ್ಯ 60 ಕೋಟಿ, ಸರಕಿನದು 40 ಕೋಟಿ, ಹಂಚಬೇಕಾದ ವೆಚ್ಚ 5 ಕೋಟಿ ಎಂದಿಟ್ಟುಕೊಂಡರೆ ದರ ಶೇ. 5. ಅದರಲ್ಲಿ 50 ಲಕ್ಷ ರೂಪಾಯಿಯ ಕಾಫಿಯಿದ್ದವರು ಎರಡೂವರೆ ಲಕ್ಷ ತೆರಬೇಕು. ಅವರ ಚೀಲಗಳಿಗೆ ಒಂದು ಹನಿ ನೀರು ತಾಗದಿದ್ದರೂ ಸರಿಯೇ. ಭದ್ರತಾಪತ್ರ ಕೊಡದೆ ಕಂಟೇನರ್ ಕೈಗೆ ಬರುವುದಿಲ್ಲ. ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸ್‌ಗಳ ಎ, ಬಿ, ಸಿ ಮೂರರಲ್ಲೂ ಈ ಹೊಣೆಗೆ ರಕ್ಷಣೆಯಿದೆ. ಹತ್ತಿರದ ಬಂದರು, ಪರಿಚಿತ ಹಡಗು ಎಂದು ವಿಮೆಯಿಲ್ಲದೆ ಸರಕು ಕಳುಹಿಸುವ ಅಭ್ಯಾಸ ನಮ್ಮಲ್ಲಿ ಕೆಲವರಿಗೆ ಇನ್ನೂ ಇದೆ. ಅವರು ಈ ಕಂಡಿಕೆಯನ್ನು ಎರಡು ಬಾರಿ ಓದಬೇಕಾಗಿ ವಿನಂತಿ.

ತಾನೇ ತಿರುಗುವ ಪ್ರೊಪೆಲ್ಲರ್

ಚುಕ್ಕಾಣಿಯ ಈ ಪರಾವಲಂಬನೆಯನ್ನು ತಪ್ಪಿಸುವ ಮಾರ್ಗವೆಂದರೆ ಪ್ರೊಪೆಲ್ಲರನ್ನೇ ಬೇಕಾದ ದಿಕ್ಕಿಗೆ ತಿರುಗಿಸುವುದು. ದೊಡ್ಡ ಹಡಗುಗಳನ್ನು ಧಕ್ಕೆಗೆ ತರುವ ಆಧುನಿಕ ಟಗ್‌ಗಳಲ್ಲಿ ಬಹಳಷ್ಟಕ್ಕೆ ಚುಕ್ಕಾಣಿಯೇ ಇಲ್ಲ. ಅವುಗಳ ಎರಡು ಪ್ರೊಪೆಲ್ಲರುಗಳು ತಮ್ಮ ಕಾಂಡದ ಸುತ್ತ 360 ಡಿಗ್ರಿ ಹೊರಳಬಲ್ಲವು. ಮುಂದಕ್ಕೆ ಎಳೆದಷ್ಟೇ ಸಲೀಸಾಗಿ ಪಕ್ಕಕ್ಕೂ ಹಿಂದಕ್ಕೂ ಎಳೆಯುತ್ತವೆ. ನಮ್ಮ ಮಲ್ಪೆಯ ಟೆಬ್ಮಾ ಶಿಪ್‌ಯಾರ್ಡನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಸ್ವಾಧೀನಪಡಿಸಿಕೊಂಡು, 2022ರಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಮರುನಾಮಕರಣ ಮಾಡಿತು. ಅಲ್ಲಿ 62 ಟನ್ ಎಳೆತದ ಟಗ್‌ಗಳು ನಿರ್ಮಾಣವಾಗಿವೆ. ಟನ್ನುಗಳಲ್ಲಿ ಹೇಳುವ ಈ ಎಳೆತ, ಟಗ್ಗನ್ನು ಹಗ್ಗದಿಂದ ದಡಕ್ಕೆ ಕಟ್ಟಿ ಪೂರ್ಣ ಶಕ್ತಿಯಲ್ಲಿ ಎಳೆಸಿ ಅಳೆದದ್ದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ್ಲಿಪ್ ಶೇ. 100, ಕೆಲಸವೂ ಶೇ. 100.

ಇಂತಹ ಹಡಗುಕಟ್ಟೆಯ ನೆರೆಯಲ್ಲಿರುವ ಫೌಂಡ್ರಿ ಮತ್ತು ಮೆಷಿನ್ ಶಾಪ್ ನಡೆಸುವ ಸದಸ್ಯರಿಗೆ ಹೊರಳುವ ಪ್ರೊಪೆಲ್ಲರುಗಳ ತಯಾರಿಕೆ ಸದ್ಯಕ್ಕೆ ಕೈಗೆಟುಕದ ಮಾತು. ಮೀನುಗಾರಿಕಾ ಬೋಟುಗಳ ಸ್ಥಿರ ಪ್ರೊಪೆಲ್ಲರುಗಳು, ಅವುಗಳ ದುರಸ್ತಿ, ಸಮತೋಲನ, ಪಿಚ್ ಸರಿಪಡಿಸುವಿಕೆ ಹಾಗಲ್ಲ. ಇಲ್ಲಿ ಬೇಕಾದ ಬಂಡವಾಳ ಸಮತಟ್ಟಾದ ಒಂದು ಉಕ್ಕಿನ ಹಾಸು, ಅಳತೆಯ ಸಾಧನ ಮತ್ತು ಅಳೆದದ್ದನ್ನು ಬರೆದುಕೊಡುವ ಮನಸ್ಸು. ಸುಂಕ ಪಟ್ಟಿಯಲ್ಲಿ ಹಡಗು ಮತ್ತು ದೋಣಿಗಳ ಪ್ರೊಪೆಲ್ಲರಿಗೆ 8487 10 ಎಂಬ ಪ್ರತ್ಯೇಕ ಉಪಶೀರ್ಷಿಕೆಯೇ ಇದೆ. ಬಿಲ್ಲಿನಲ್ಲಿ ಅದನ್ನು ನಮೂದಿಸುವವರು, ಅದರ ಕೆಳಗೆ ಪ್ರತಿ ಅಲಗಿನ ಪಿಚ್ ಅನ್ನು ಪ್ರತ್ಯೇಕವಾಗಿ ಬರೆದರೆ ಕೊಳ್ಳುವವರಿಗೆ ಹೋಲಿಸಿ ನೋಡಲು ಆಧಾರ ಸಿಗುತ್ತದೆ. 2004ರ ನಂತರ ನನ್ನ ಕಕ್ಷಿದಾರರಾದ ಬೋಟು ಮಾಲೀಕರೆಲ್ಲರ ಕಡತಗಳಲ್ಲಿ ಒಂದು ಹಾಳೆ ಹೆಚ್ಚಾಗಿದೆ: ಟ್ರಿಪ್ಪಿನ ದಿನಗಳು, ಎಂಜಿನ್ ನಡೆದ ಗಂಟೆಗಳು, ಡೀಸೆಲ್, ಎಂಜಿನ್ ಮುಟ್ಟಿದ ಗರಿಷ್ಠ ಸುತ್ತು, ಪ್ರೊಪೆಲ್ಲರ್ ಬದಲಿಸಿದ ಅಥವಾ ಬಡಿದು ಸರಿಮಾಡಿಸಿದ ದಿನಾಂಕ. ಕೊನೆಯ ಅಂಕಣ ತಾಂಡೇಲರ ಹೇಳಿಕೆಗೆ ಮೀಸಲು.

ಆ ಹಳೆಯ ಪ್ರೊಪೆಲ್ಲರನ್ನು ಮಾಲೀಕರು ಗುಜರಿಗೆ ಹಾಕಲಿಲ್ಲ. ಅವರ ಗೋದಾಮಿನ ದಾಸ್ತಾನು ಪಟ್ಟಿಯಲ್ಲಿ ಅದು “ಹಳೆಯ ಫ್ಯಾನ್, 1, ಕಂಚು, 52 ಕೆ.ಜಿ.” ಎಂದು ಪ್ರತಿ ಮಾರ್ಚ್ 31ರಂದು ಬರುತ್ತಿತ್ತು, ನಾನು ಅದನ್ನು ಪ್ರತಿ ವರ್ಷವೂ ಸ್ವತಃ ನೋಡಿ ಸಹಿ ಹಾಕುತ್ತಿದ್ದೆ.